ಅಗ್ರಬೀಜ: ಆಗಮಟೀಕೆಗಳಲ್ಲಿ ಕುಡಿಯಿಂದ ಗಿಡ ಬೆಳೆಸುವ ವಿಚಾರ

ಬೀಜವೆಂದರೆ ಕಾಯಿಯೊಳಗಣ ಬಿತ್ತವೆಂಬುದು ಲೋಕರೂಢಿ. ಜೈನಾಗಮಗಳಲ್ಲಿ ಈ ಶಬ್ದದ ಅರ್ಥವ್ಯಾಪ್ತಿ ಅದಕ್ಕಿಂತ ಹಿರಿದು. ಯಾವ ಅಂಗದಿಂದ ಹೊಸ ಸಸ್ಯ ಹುಟ್ಟಬಲ್ಲುದೋ ಆ ಅಂಗವೇ ಆ ಸಸ್ಯಕ್ಕೆ ಬೀಜ. ಬೇರು, ಕುಡಿ, ಗೆಣ್ಣು, ಗೆಡ್ಡೆ, ಕಾಂಡ, ಬಿತ್ತ ಇವೆಲ್ಲವೂ ತಮ್ಮ ತಮ್ಮ ಸಸ್ಯಗಳಿಗೆ ಬೀಜಗಳೇ. ಈ ಅರ್ಥ ಗ್ರಂಥಗಳಿಗಷ್ಟೇ ಸೀಮಿತವಾದುದಲ್ಲ. ಬಿತ್ತನೆಯ ಕಬ್ಬು, ಬೀಜದ ಶುಂಠಿ, ಬಿತ್ತನೆಯ ಅರಿಸಿನ ಎಂದು ಕನ್ನಡ ನಾಡಿನ ರೈತರು ಇಂದಿಗೂ ನುಡಿಯುತ್ತಾರೆ. ಈ ಮೂರರಲ್ಲಿ ಯಾವುದನ್ನೂ ಕಾಳಿನಿಂದ ಬೆಳೆಯುವ ವಾಡಿಕೆಯಿಲ್ಲ.

ಆಗಮೋಕ್ತವಾದ ಈ ಬೀಜಭೇದಗಳಲ್ಲಿ ‘ಅಗ್ರಬೀಜ’ವೆಂಬುದು ಒಂದು. ಗಿಡದ ತುದಿಯನ್ನು, ಎಂದರೆ ಕುಡಿಯನ್ನು, ಚಿವುಟಿ ನೆಟ್ಟರೆ ಬೇರುಬಿಟ್ಟು ಬೆಳೆಯುವ ಸಸ್ಯವೇ ಅಗ್ರಬೀಜ. ಇದಕ್ಕೆ ಟೀಕಾಕಾರರು ಕೊಟ್ಟಿರುವ ಉದಾಹರಣೆಗಳು ಹಲವೆಡೆ ಸ್ಪಷ್ಟವಾಗಿವೆ. ಒಂದೆಡೆ ಮಾತ್ರ ಒಂದು ಗಿಡದ ಹೆಸರು ಯಾವ ಗಿಡಕ್ಕೂ ಹೊಂದದಂತೆ ನಿಂತಿದೆ. ಆ ಹೆಸರಿನ ನಿಜರೂಪವೇನು, ಅದು ತಿಳಿದುಬಂದರೆ ಪ್ರಾಚೀನರ ಸಸ್ಯಪರಿಚಯದ ಬಗೆಗೆ ಏನು ಹೊಳೆಯುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

1. ಏಳು ಬಗೆಯ ಬೀಜಗಳು

ಶ್ರೀ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದ ಕೊನೆಯ ಭಾಗದಲ್ಲಿ, ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಕಾಲದಲ್ಲಿ, ಗೊಮ್ಮಟಸಾರವನ್ನು ರಚಿಸಿದರು. ಅದರ ಜೀವಕಾಂಡದ ಕಾಯಮಾರ್ಗಣೆಯಲ್ಲಿ ವನಸ್ಪತಿಕಾಯದ ಪ್ರಕರಣ ಬರುತ್ತದೆ. ಅಲ್ಲಿ ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ, ಸಮ್ಮೂರ್ಛಿಮ ಎಂದು ಏಳು ಭೇದಗಳನ್ನು ಒಂದೇ ಗಾಥೆಯಲ್ಲಿ ಎಣಿಸಲಾಗಿದೆ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿಯೂ ಇದೇ ಎಣಿಕೆಯಿದೆ. ಶ್ವೇತಾಂಬರ ಪರಂಪರೆಯ ದಶವೈಕಾಲಿಕಸೂತ್ರದ ನಾಲ್ಕನೆಯ ಅಧ್ಯಯನದಲ್ಲಿ ಅಗ್ರ, ಮೂಲ, ಪರ್ವ, ಸ್ಕಂಧ, ಬೀಜರುಹ, ಸಮ್ಮೂರ್ಛಿಮಗಳು ಬಂದಿದ್ದು, ಕಂದವನ್ನು ಬೇರೆಯಾಗಿ ಹೇಳಿಲ್ಲ. ಎರಡು ಪರಂಪರೆಗಳಿಗೂ ಸಮಾನವಾದ ಈ ಎಣಿಕೆ ಸಂಪ್ರದಾಯಭೇದಕ್ಕಿಂತ ಹಳೆಯದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ಲಿಪಿಕಾರರಿಗೆ ಈ ಗಾಥೆ ಸುಲಭವಾದುದಲ್ಲ. ಕಂದಕ್ಕೆ ಪ್ರಾಕೃತದಲ್ಲಿ ‘ಕಂದ’ವೆಂದೇ ರೂಪ, ಸ್ಕಂಧಕ್ಕೆ ‘ಖಂಧ’, ಖಂಡಕ್ಕೆ ‘ಖಂಡ’. ಕನ್ನಡ ಓಲೆಗಳಲ್ಲಿ ದಕಾರ ಧಕಾರಗಳ ಅಂತರ ಒಂದು ಕಿರುಗೆರೆಯಷ್ಟು. ಕಂಟವು ಆ ಗೆರೆಯನ್ನು ಬಿಟ್ಟರೆ ‘ಖಂಧ’ವು ‘ಖಂದ’ವಾಗುತ್ತದೆ, ಓದುವವನು ಅದನ್ನು ಕಂದವೆಂದೋ ಖಂಡವೆಂದೋ ತಿಳಿಯುತ್ತಾನೆ. ಆಗ ಗೆಡ್ಡೆಯಿಂದ ಹುಟ್ಟುವ ಸುವರ್ಣಗೆಡ್ಡೆಯೂ ಕೊಂಬೆಯಿಂದ ಹುಟ್ಟುವ ಸಲ್ಲಕಿಯೂ ಒಂದೇ ವರ್ಗಕ್ಕೆ ಸೇರಿ, ಏಳರ ಲೆಕ್ಕ ಆರಕ್ಕೆ ಇಳಿಯುತ್ತದೆ. ಇಂತಹ ಎಡೆಗಳಲ್ಲಿ ಪಾಠವನ್ನು ನಿರ್ಣಯಿಸಲು ವ್ಯಾಕರಣವೊಂದೇ ಸಾಲದು. ಟೀಕಾಕಾರರು ಕೊಡುವ ಸಸ್ಯಗಳ ಹೆಸರುಗಳೇ ಪ್ರಮಾಣ.

2. ಟೀಕೆಗಳ ಉದಾಹರಣೆಗಳು

ಗೊಮ್ಮಟಸಾರಕ್ಕೆ ಕೇಶವವರ್ಣಿಯು ಬರೆದ ಕನ್ನಡ ವೃತ್ತಿ ಕ್ರಿ.ಶ. 1359ರಲ್ಲಿ ಮುಗಿಯಿತು. ಜೀವತತ್ತ್ವಪ್ರದೀಪಿಕೆಯೆಂಬ ಸಂಸ್ಕೃತ ಟೀಕೆಯು ಈ ಕನ್ನಡ ವೃತ್ತಿಯನ್ನೇ ಅನುಸರಿಸಿ ಅನಂತರ ಹುಟ್ಟಿದುದು. ಈ ಸಂಸ್ಕೃತ ಟೀಕೆಯೂ ಕೇಶವವರ್ಣಿಯದೇ ಎಂಬ ಅಭಿಪ್ರಾಯ ಬಹುಕಾಲ ರೂಢಿಯಲ್ಲಿತ್ತು. ಅದು ನೇಮಿಚಂದ್ರನೆಂಬ ಬೇರೊಬ್ಬ ಟೀಕಾಕಾರನದೆಂದು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಕನ್ನಡ ವೃತ್ತಿಯೂ ಸಂಸ್ಕೃತ ಟೀಕೆಯೂ ಕೂಡಿದ ಆವೃತ್ತಿಯನ್ನು ಭಾರತೀಯ ಜ್ಞಾನಪೀಠವು 1970ರ ದಶಕದ ಕೊನೆಯಿಂದ ಪ್ರಕಟಿಸಿತು.

ಸಂಸ್ಕೃತ ಟೀಕೆಯ ಪ್ರಕಾರ ಮೂಲಬೀಜಕ್ಕೆ ಹಸಿಶುಂಠಿ ಅರಿಸಿನಗಳು ಉದಾಹರಣೆ. ಪರ್ವಬೀಜಕ್ಕೆ ಕಬ್ಬು ಮತ್ತು ಬೆತ್ತ. ಕಂದಬೀಜಕ್ಕೆ ಪಿಂಡಾಲು ಮತ್ತು ಸೂರಣ, ಎಂದರೆ ಸುವರ್ಣಗೆಡ್ಡೆ. ಸ್ಕಂಧಬೀಜಕ್ಕೆ ಸಲ್ಲಕಿ, ಕಂಟಕಿ, ಪಲಾಶಗಳು. ಬೀಜರುಹಕ್ಕೆ ನೆಲ್ಲು ಗೋದಿಗಳು. ಇವೆಲ್ಲವೂ ಗುರುತು ಸಿಕ್ಕುವ ಹೆಸರುಗಳು. ಅಗ್ರಬೀಜಕ್ಕೆ ಮಾತ್ರ ‘ಆರ್ಯಕ, ಉದೀಚ್ಯ ಮೊದಲಾದವು’ ಎಂದಿದೆ. ಉದೀಚ್ಯವೆಂಬುದು ಅಮರಕೋಶದಲ್ಲಿ ಹ್ರೀಬೇರಕ್ಕೆ, ಎಂದರೆ ಬಾಲಕವೆಂಬ ಸುಗಂಧದ ಬೇರಿನ ಗಿಡಕ್ಕೆ, ಪರ್ಯಾಯವಾಗಿ ಬಂದಿದೆ. ಆದರೆ ಆರ್ಯಕವೆಂದರೆ ಯಾವುದು? ಆರ್ಯಕವೆಂಬುದು ಅಜ್ಜನಿಗೂ ಪೂಜ್ಯನಿಗೂ ಸಲ್ಲುವ ಮಾತು. ಔಷಧಿಗಳ ಹೆಸರುಗಳ ನಡುವೆ ಪರಿಚಿತವಾದುದಲ್ಲ. ಹಿಂದಿಯ ವಿವರಣಕಾರರೂ ಈ ಶಬ್ದವನ್ನು ಇದ್ದಂತೆಯೇ ಎತ್ತಿಟ್ಟು ಮುಂದೆ ಸಾಗಿದ್ದಾರೆ.

ಬೇರೆ ಟೀಕಾಕಾರರು ಅಗ್ರಬೀಜಕ್ಕೆ ಕೊಡುವ ಉದಾಹರಣೆಗಳು ಬೇರೆ. ಮೂಲಾಚಾರದ ವೃತ್ತಿಯಲ್ಲಿ ವಸುನಂದಿಗಳು ಕೋರಂಟಕ, ಮಲ್ಲಿಕೆ, ಕುಬ್ಜಕಗಳನ್ನು ಹೇಳುತ್ತಾರೆ. ದಶವೈಕಾಲಿಕದ ಟೀಕೆಯಲ್ಲಿ ಹರಿಭದ್ರಸೂರಿಗಳು ಕೋರಂಟಕವನ್ನೇ ಮೊದಲು ಎಣಿಸುತ್ತಾರೆ. ಕೋರಂಟಕವೆಂದರೆ ಗೋರಂಟೆಯ ಹೂಗಿಡ. ಮಲ್ಲಿಗೆಯನ್ನು ಕಡ್ಡಿಯಿಂದ ಬೆಳೆಸುವುದು ಇಂದಿಗೂ ಎಲ್ಲ ತೋಟಗಾರರ ಪದ್ಧತಿ. ಈ ಇಬ್ಬರು ಟೀಕಾಕಾರರ ದೃಷ್ಟಿ ಹೂದೋಟದ ಮೇಲಿದೆ. ಗೊಮ್ಮಟಸಾರದ ಟೀಕಾಕಾರನ ದೃಷ್ಟಿ ಉದೀಚ್ಯದ ಮೇಲೆ, ಎಂದರೆ ಔಷಧಿಯ ಗಿಡದ ಮೇಲೆ. ಆದುದರಿಂದ ಅವನ ಆರ್ಯಕವೂ ಸುಗಂಧವುಳ್ಳ ಮೂಲಿಕೆಯೇ ಆಗಿರಬೇಕೆಂದು ತರ್ಕಿಸುವುದು ಸಹಜ.

3. ಬೌದ್ಧ ವಿನಯದ ಸಾಕ್ಷ್ಯ

ಈ ತೊಡಕನ್ನು ಬಿಡಿಸಲು ಬೇಕಾದ ಎಳೆ ಪಾಲಿ ವಿನಯಪಿಟಕದಲ್ಲಿ ದೊರೆಯುತ್ತದೆ. ಭಿಕ್ಷುವು ಸಸ್ಯಗಳನ್ನು ನಾಶಪಡಿಸಬಾರದೆಂಬ ನಿಯಮದ ವಿವರಣೆಯಲ್ಲಿ ಅಲ್ಲಿ ಐದು ಬೀಜಗಳನ್ನು ಹೇಳಲಾಗಿದೆ: ಮೂಲಬೀಜ, ಖಂಧಬೀಜ, ಫಳುಬೀಜ, ಅಗ್ಗಬೀಜ, ಬೀಜಬೀಜ. ಫಳುವೆಂದರೆ ಗೆಣ್ಣು, ಅದು ಜೈನರ ಪರ್ವಬೀಜಕ್ಕೆ ಸಮ. ಮೂಲಬೀಜಕ್ಕೆ ಅಲ್ಲಿ ಅರಿಸಿನ, ಶುಂಠಿ, ಬಜೆ, ಅತಿವಿಷ, ಕಟುಕರೋಹಿಣಿ, ಲಾವಂಚ, ಭದ್ರಮುಷ್ಟಿ ಮೊದಲಾದವು ಉದಾಹರಣೆಗಳು. ಖಂಧಬೀಜಕ್ಕೆ ಅರಳಿ, ಆಲ, ಬಸರಿ, ಅತ್ತಿ ಮುಂತಾದ ಹಾಲುಮರಗಳು. ಇವು ದಪ್ಪ ಕೊಂಬೆಯನ್ನು ನೆಟ್ಟರೂ ಚಿಗುರುವ ಮರಗಳೆಂಬುದು ಪ್ರಸಿದ್ಧ. ಫಳುಬೀಜಕ್ಕೆ ಕಬ್ಬು, ಬಿದಿರು, ಲಾಳದ ಹುಲ್ಲು.

ಅಗ್ಗಬೀಜಕ್ಕೆ ಅಲ್ಲಿ ಮೂರು ಹೆಸರುಗಳಿವೆ: ಅಜ್ಜುಕ, ಫಣಿಜ್ಜಕ, ಹಿರಿವೇರ. ಮೂರನೆಯದು ಹ್ರೀಬೇರ, ಎಂದರೆ ಗೊಮ್ಮಟಸಾರದ ಟೀಕೆಯ ಉದೀಚ್ಯವೇ. ಎರಡನೆಯ ಫಣಿಜ್ಜಕಕ್ಕೆ ಅಮರಕೋಶವು ಮರುವಕವೆಂಬ ಪರ್ಯಾಯವನ್ನು ಕೊಡುತ್ತದೆ. ಅದು ಕನ್ನಡದ ಮರುಗ. ಮೊದಲನೆಯ ಅಜ್ಜುಕವು ಸಂಸ್ಕೃತದ ಅರ್ಜಕ. ತುಲಸಿಯ ಬಳಗಕ್ಕೆ ಸೇರಿದ, ಪರ್ಣಾಸದ ಬಿಳಿಯ ಪ್ರಭೇದವೆಂದು ಅಮರಸಿಂಹ ಹೇಳುವ ಸುಗಂಧ ಗಿಡ. ಜೈನರಲ್ಲಿಯೂ ಈ ಗಿಡದ ಪರಿಚಯವಿತ್ತೆಂಬುದಕ್ಕೆ ಪ್ರಜ್ಞಾಪನಾಸೂತ್ರ ಸಾಕ್ಷಿ. ಅಲ್ಲಿನ ಹರಿತವರ್ಗದಲ್ಲಿ ತುಲಸಿ, ಫಣಿಜ್ಜಯ, ಅಜ್ಜಯ, ದಮಣಗ, ಮರುಯಗ ಎಂಬ ಹೆಸರುಗಳು ಒಂದೇ ಎಡೆಯಲ್ಲಿ ಬಂದಿವೆ. ತುಲಸಿ, ದವನ, ಮರುಗಗಳ ನಡುವೆ ನಿಂತ ಅಜ್ಜಯವು ಸುಗಂಧಪತ್ರೆಯೇ ಹೊರತು ಬೇರೆಯಾಗಲಾರದು.

ಈಗ ಆರ್ಯಕದ ಉಗಮವನ್ನು ಊಹಿಸುವುದು ಕಷ್ಟವಲ್ಲ. ಪ್ರಾಕೃತದಲ್ಲಿ ರ್ಯಕಾರವೂ ರ್ಜಕಾರವೂ ಜ್ಜಕಾರವಾಗುತ್ತವೆ. ಆರ್ಯವು ‘ಅಜ್ಜ’ವಾದಂತೆ ಅರ್ಜಕವು ‘ಅಜ್ಜಗ’ ಅಥವಾ ‘ಅಜ್ಜಯ’ವಾಗುತ್ತದೆ. ಪ್ರಾಕೃತ ಪರಂಪರೆಯಿಂದ ಬಂದ ಈ ಉದಾಹರಣೆಯನ್ನು ಸಂಸ್ಕೃತಕ್ಕೆ ತಿರುಗಿಸುವಾಗ ಪಂಡಿತನ ಮುಂದೆ ಎರಡು ದಾರಿಗಳಿದ್ದವು. ಜೈನ ಗ್ರಂಥಗಳಲ್ಲಿ ‘ಅಜ್ಜಾ’, ‘ಅಜ್ಜಿಯಾ’ ಎಂಬ ಮಾತುಗಳು ಆರ್ಯಿಕೆಯರಿಗೆ ಹೆಜ್ಜೆಹೆಜ್ಜೆಗೂ ಬಳಕೆಯಾಗುತ್ತವೆ. ಆ ಬಳಕೆಗೆ ಒಗ್ಗಿದ ಕಿವಿಗೆ ಅಜ್ಜಗವು ಆರ್ಯಕವಾಗಿಯೇ ಕೇಳಿಸಿತು. ಅರ್ಜಕವೆಂಬ ತುಲಸಿಯ ಬಂಧು ಮರೆಯಾಯಿತು. ವಿನಯದ ಅಜ್ಜುಕ-ಹಿರಿವೇರ, ಟೀಕೆಯ ಆರ್ಯಕ-ಉದೀಚ್ಯ ಎಂಬ ಎರಡು ಜೋಡಿಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಈ ಊಹೆಗೆ ಬಲ ಬರುತ್ತದೆ. ಇದು ಬೌದ್ಧರಿಂದ ಜೈನರು ಪಡೆದ ಸಾಲವೆನ್ನುವ ಅಗತ್ಯವಿಲ್ಲ. ಒಂದೇ ನಾಡಿನ ತೋಟಗಳನ್ನು ಕಂಡ ಎರಡು ಶ್ರಮಣಸಂಘಗಳು ಒಂದೇ ಗಿಡಗಳನ್ನು ಹೆಸರಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

4. ಹ್ರೀಬೇರದ ಗುರುತು

ಅಗ್ರಬೀಜವೆಂಬ ಈ ವಿಶೇಷಣ ವೈದ್ಯರಿಗೂ ಉಪಯುಕ್ತವಾದುದು. ಹ್ರೀಬೇರವೆಂದರೆ ಯಾವ ಗಿಡವೆಂಬ ವಿಷಯದಲ್ಲಿ ಆಯುರ್ವೇದಜ್ಞರಲ್ಲಿ ಒಮ್ಮತವಿಲ್ಲ. ಕೆಲವರು ಪವೋನಿಯಾ ಓಡೊರಾಟಾ ಎಂಬ, ದಾಸವಾಳದ ಕುಟುಂಬದ ಗಿಡವನ್ನು ಬಳಸುತ್ತಾರೆ. ದಕ್ಷಿಣದಲ್ಲಿ, ವಿಶೇಷವಾಗಿ ಕೇರಳ ತಮಿಳುನಾಡುಗಳಲ್ಲಿ, ಕೋಲಿಯಸ್ ವೆಟ್ಟಿವೆರಾಯ್ಡಿಸ್ ಎಂಬ, ತುಲಸಿಯ ಕುಟುಂಬದ ಗಿಡದ ಬೇರನ್ನು ಬಳಸುತ್ತಾರೆ. ಮೊದಲನೆಯದು ಬಿತ್ತದಿಂದ ಹುಟ್ಟುವ ಗಿಡ. ಎರಡನೆಯದು ಕೃಷಿಯಲ್ಲಿ ಮಾತ್ರ ಕಾಣಸಿಗುವ ಗಿಡ. ಅದನ್ನು ಕುಡಿಯ ಕಡ್ಡಿಗಳಿಂದಲೇ ಬೆಳೆಸುವರು. ವಿನಯದಲ್ಲಿಯೂ ಗೊಮ್ಮಟಸಾರದ ಟೀಕೆಯಲ್ಲಿಯೂ ಹ್ರೀಬೇರವನ್ನು ಬೀಜರುಹದಲ್ಲಿ ಸೇರಿಸದೆ, ಬೇರಿಗಾಗಿಯೇ ಬೆಳೆಯುವ ಗಿಡವಾದರೂ ಮೂಲಬೀಜದಲ್ಲಿಯೂ ಸೇರಿಸದೆ, ಅಗ್ರಬೀಜವೆಂದಿರುವುದು ದಕ್ಷಿಣದ ವೈದ್ಯರ ಪಕ್ಷಕ್ಕೆ ಬಲವನ್ನು ಕೊಡುತ್ತದೆ. ಲಾವಂಚವೂ ಬೇರಿನ ಸುಗಂಧಕ್ಕಾಗಿ ಬೆಳೆಯುವುದೇ. ಆದರೆ ಅದನ್ನು ಬುಡ ಸೀಳಿ ನೆಡುವುದರಿಂದ ವಿನಯವು ಅದನ್ನು ಮೂಲಬೀಜದಲ್ಲಿ ಇರಿಸಿದೆ. ಈ ಎರಡು ಗಿಡಗಳನ್ನು ಹೀಗೆ ಬೇರ್ಪಡಿಸಿದವರು ನೆಡುವ ಕೆಲಸವನ್ನು ಕಣ್ಣಾರೆ ಕಂಡವರೆಂಬುದರಲ್ಲಿ ಸಂದೇಹವಿಲ್ಲ.

5. ಛಿನ್ನರುಹ

ಗೊಮ್ಮಟಸಾರದಲ್ಲಿ ಈ ಪ್ರಕರಣ ಏಳು ಭೇದಗಳಿಗೇ ನಿಲ್ಲುವುದಿಲ್ಲ. ಮುಂದಿನ ಗಾಥೆಯಲ್ಲಿ ಸಾಧಾರಣಶರೀರವನ್ನು ಗುರುತಿಸುವ ಚಿಹ್ನೆಗಳು ಬರುತ್ತವೆ: ನರ, ಸಂಧಿ, ಗೆಣ್ಣುಗಳು ಹೊರಗೆ ಕಾಣದಿರುವುದು, ಮುರಿದಾಗ ಸಮನಾಗಿ ಮುರಿಯುವುದು, ಮುರಿದೆಡೆಯಲ್ಲಿ ನಾರಿನೆಳೆ ಉಳಿಯದಿರುವುದು, ಕಡಿದರೂ ಮತ್ತೆ ಬೆಳೆಯುವುದು. ಈ ಕೊನೆಯ ಗುಣಕ್ಕೆ ‘ಛಿನ್ನರುಹ’ವೆಂದು ಹೆಸರು. ಇಲ್ಲಿ ಸಾಧಾರಣವೆಂಬುದನ್ನು ಸಪ್ರತಿಷ್ಠಿತ ಪ್ರತ್ಯೇಕವನಸ್ಪತಿಗೆ ಉಪಚಾರದಿಂದ ಹೇಳಿದೆಯೆಂದು ಟೀಕಾಕಾರರು ವಿವರಿಸುತ್ತಾರೆ.

ಛಿನ್ನರುಹವೆಂಬ ಈ ಮಾತನ್ನು ವೈದ್ಯರೂ ಬಲ್ಲರು. ಅಮರಕೋಶದಲ್ಲಿ ‘ಛಿನ್ನರುಹಾ’ ಎಂಬುದು ಅಮೃತಬಳ್ಳಿಯ ಹೆಸರು. ಗೆಣ್ಣುಗಳಿರುವಂತೆ ಗೇಣುದ್ದ ಕತ್ತರಿಸಿದ ಅಮೃತಬಳ್ಳಿಯ ತುಂಡು ಮಳೆಗಾಲದ ಆರಂಭದಲ್ಲಿ ಮಣ್ಣು ಸೇರಿದರೆ ಚಿಗುರುತ್ತದೆ. ಮರದ ಮೇಲೆ ಹಬ್ಬಿದ ಬಳ್ಳಿಯನ್ನು ಬುಡದಲ್ಲಿ ಕಡಿದರೂ ಮೇಲಿನ ಭಾಗ ಎಳೆಯಂತಹ ಬೇರುಗಳನ್ನು ಇಳಿಬಿಟ್ಟು ನೆಲವನ್ನು ಮುಟ್ಟುತ್ತದೆ. ವೈದ್ಯನಿಗೆ ಇದು ಬಳ್ಳಿಯ ಗುಣಸೂಚಕವಾದ ಹೆಸರು. ಆಗಮಜ್ಞನಿಗೆ ಜೀವಸದ್ಭಾವದ ಲಕ್ಷಣ.

ಇನ್ನೂ ಸೂಕ್ಷ್ಮವಾದ ಪ್ರಶ್ನೆಯೊಂದು ಅದೇ ಪ್ರಕರಣದಲ್ಲಿದೆ. ಯೋನಿಭೂತವಾದ ಬೀಜದಲ್ಲಿ ಹುಟ್ಟುವ ಜೀವವು ಹಿಂದೆ ಅಲ್ಲಿದ್ದ ಜೀವವೇ ಆಗಿರಬಹುದು, ಬೇರೆ ಜೀವವೂ ಆಗಿರಬಹುದು ಎಂದು ಗ್ರಂಥಕಾರರು ಎರಡು ಪಕ್ಷಗಳಿಗೂ ಅವಕಾಶವನ್ನಿತ್ತಿದ್ದಾರೆ. ಬೀಜವೆಂಬುದಕ್ಕೆ ಮೊದಲು ಹೇಳಿದ ವಿಸ್ತಾರವಾದ ಅರ್ಥವನ್ನೇ ಇಟ್ಟುಕೊಂಡರೆ ಚಿವುಟಿದ ಕುಡಿಗೂ ಈ ಮಾತು ಸಲ್ಲುತ್ತದೆ. ತಾಯಿಗಿಡದ ಬಣ್ಣ, ಗಂಧ, ರುಚಿ ಕಡ್ಡಿಯ ಗಿಡದಲ್ಲಿ ಹಾಗೆಯೇ ಬರುತ್ತವೆ. ಬಿತ್ತದ ಗಿಡದಲ್ಲಿ ವ್ಯತ್ಯಾಸ ಕಾಣಬಹುದು. ಇದು ತೋಟಗಾರನ ಅನುಭವ. ವಂಶವಾಹಿಗಳು ಬದಲಾಗದೆ ಉಳಿಯುವುದೇ ಇದಕ್ಕೆ ಕಾರಣವೆಂದು ಇಂದಿನ ಸಸ್ಯಶಾಸ್ತ್ರ ಹೇಳುತ್ತದೆ. ಶರೀರದ ಸಾಮ್ಯದಿಂದ ಜೀವದ ಐಕ್ಯವನ್ನು ನಿರ್ಣಯಿಸಲಾಗದು. ಆದುದರಿಂದ ಈ ಶಾಸ್ತ್ರವಾಕ್ಯವು ಆಗಮದ ಪ್ರಶ್ನೆಗೆ ಉತ್ತರವೆಂದು ಹೇಳುವಂತಿಲ್ಲ. ಎರಡರ ಕ್ಷೇತ್ರಗಳು ಬೇರೆ ಬೇರೆ.

6. ಲೌಕಿಕ ಶಾಸ್ತ್ರಗಳ ವಿಧಾನ

ಕಡ್ಡಿಯನ್ನು ನೆಡುವ ವಿಧಿಯನ್ನು ಹೇಳುವವು ಲೌಕಿಕ ಶಾಸ್ತ್ರಗಳು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೀತಾಧ್ಯಕ್ಷನ ಪ್ರಕರಣವಿದೆ. ಕಾಂಡಬೀಜಗಳ ಕಡಿದ ತುದಿಗೆ ಜೇನು, ತುಪ್ಪ, ಹಂದಿಯ ಕೊಬ್ಬುಗಳನ್ನು ಸಗಣಿಯೊಡನೆ ಕಲಸಿ ಬಳಿಯಬೇಕೆಂದೂ, ಗೆಡ್ಡೆಗಳಿಗೆ ಜೇನುತುಪ್ಪಗಳನ್ನು ಸವರಬೇಕೆಂದೂ ಅಲ್ಲಿ ವಿಧಿಸಿದೆ. ವರಾಹಮಿಹಿರನು 6ನೆಯ ಶತಮಾನದಲ್ಲಿ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಹಲಸು, ಅಶೋಕ, ಬಾಳೆ, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಲ ಮೊದಲಾದವನ್ನು ಕಾಂಡರೋಪ್ಯಗಳೆಂದು ಎಣಿಸಿ, ಸಗಣಿಯನ್ನು ಬಳಿದು ನೆಡಲು ಹೇಳುತ್ತಾನೆ. ಕನ್ನಡದಲ್ಲಿ ವೃಕ್ಷಾಯುರ್ವೇದವನ್ನು ಮೊದಲು ತಂದ ಗ್ರಂಥಗಳಲ್ಲಿ 11ನೆಯ ಶತಮಾನದ ಲೋಕೋಪಕಾರ ಮುಖ್ಯವಾದುದು; ಅದರ ಕರ್ತೃವಾದ ಚಾವುಂಡರಾಯನು ಗೊಮ್ಮಟಪ್ರತಿಷ್ಠಾಪಕನಿಗಿಂತ ಈಚಿನವನು, ಬೇರೆಯವನು.

ಜೈನ ಶ್ರಾವಕನಿಗೆ ಈ ಎರಡು ಲೇಪಗಳು ಸಮಾನವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವು ಮೂಲಗುಣಗಳಲ್ಲಿ ಸೇರಿದೆ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಮಾಂಸವಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂದು ವಾದಿಸಿದರು. ಜೇನು ಕೊಬ್ಬುಗಳ ಲೇಪವನ್ನು ಅಂತಹ ಶ್ರಾವಕನು ಒಲ್ಲನು. ವರಾಹಮಿಹಿರನ ಸಗಣಿಯ ಲೇಪಕ್ಕೆ ಆ ಬಾಧೆಯಿಲ್ಲ. ಈ ಲೇಪಗಳು ಕಡಿದೆಡೆ ಒಣಗದಂತೆ, ಕೊಳೆಯದಂತೆ ಕಾಪಾಡಲೆಂದು ಹುಟ್ಟಿದವು. ತುಲಸಿ, ಮರುಗಗಳಂತಹ ಮೆದುವಾದ ಗಿಡಗಳಿಗೆ ಅವುಗಳ ಅಗತ್ಯವೂ ಇಲ್ಲ. ಹೂ ಬಿಡದ ಕುಡಿಯನ್ನು ಆರು ಬೆರಳಿನಷ್ಟು ಉದ್ದಕ್ಕೆ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಕೆಲವನ್ನು ಉಳಿಸಿ, ತೇವದ ಮರಳಿನಲ್ಲಿ ನೆಟ್ಟು ನೆರಳಿನಲ್ಲಿಟ್ಟರೆ ಸಾಕು. ಕಾಮಕಸ್ತೂರಿಯ ಕುಡಿ ಒಂದೆರಡು ವಾರಗಳಲ್ಲಿ ಬೇರುಬಿಡುತ್ತದೆ. ಮರುಗಕ್ಕೆ ಇನ್ನಷ್ಟು ದಿನಗಳು ಬೇಕು.

ಅಗ್ರವೇ ಏಕೆ ಬೀಜವಾಗುತ್ತದೆ ಎಂಬುದಕ್ಕೆ 20ನೆಯ ಶತಮಾನದಲ್ಲಿ ಕಾರಣ ತಿಳಿದುಬಂದಿತು. ಆಕ್ಸಿನ್ ಎಂಬ ವರ್ಧಕದ್ರವ್ಯವು ಮುಖ್ಯವಾಗಿ ಕುಡಿಯಲ್ಲಿಯೂ ಎಳೆಯ ಎಲೆಗಳಲ್ಲಿಯೂ ಹುಟ್ಟಿ ಕೆಳಮುಖವಾಗಿ ಹರಿಯುತ್ತದೆ. ಕಡಿದ ಬುಡದಲ್ಲಿ ಸೇರಿಕೊಂಡು ಅಲ್ಲಿ ಬೇರುಗಳನ್ನು ಹೊರಡಿಸುತ್ತದೆ. ಇದೇ ಕೆಲಸ ಮಾಡುವ ಇಂಡೋಲ್ ಬ್ಯುಟಿರಿಕ್ ಆಮ್ಲವು 1935ರಲ್ಲಿ ಪ್ರಕಟಕ್ಕೆ ಬಂದು ಸಸ್ಯಾಗಾರಗಳಲ್ಲಿ ಬಳಕೆಯಾಯಿತು. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೂ ಬೇರು ಮೂಲತಃ ಬುಡವಾಗಿದ್ದ ತುದಿಯಲ್ಲಿಯೇ ಹೊರಡುವ ಪ್ರವೃತ್ತಿಯುಳ್ಳದ್ದು. ಪ್ರಾಚೀನರಿಗೆ ಈ ದ್ರವ್ಯದ ಹೆಸರು ಗೊತ್ತಿರಲಿಲ್ಲ. ಬೆಳೆಯುವ ಶಕ್ತಿ ತುದಿಯಲ್ಲಿದೆಯೆಂಬ ಸಂಗತಿ ಗೊತ್ತಿತ್ತು. ಅಗ್ರಬೀಜವೆಂಬ ಹೆಸರೇ ಅದಕ್ಕೆ ಪ್ರಮಾಣ.

7. ಉಪಸಂಹಾರ

ತೋಟದ ಈ ಜ್ಞಾನ ವಿರಕ್ತರ ಗ್ರಂಥಗಳಲ್ಲಿ ಏಕೆ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಅಹಿಂಸಾವ್ರತದಲ್ಲಿದೆ. ಗಿಡದಿಂದ ಬೇರ್ಪಟ್ಟ ಕುಡಿಯನ್ನು ಲೋಕವು ಸತ್ತ ವಸ್ತುವೆಂದು ಬಗೆಯಬಹುದು. ಮತ್ತೆ ಬೆಳೆಯಬಲ್ಲ ಕುಡಿಯನ್ನು ಮುನಿಯು ಹಾಗೆ ಬಗೆಯುವಂತಿಲ್ಲ, ಅದು ಸಚಿತ್ತ. ಆದುದರಿಂದ ಯಾವ ಗಿಡದ ಯಾವ ಅಂಗದಲ್ಲಿ ಪುನಃ ಹುಟ್ಟುವ ಯೋಗ್ಯತೆಯಿದೆ ಎಂಬುದನ್ನು ಅವನು ತೋಟಗಾರನಷ್ಟೇ ನಿಖರವಾಗಿ ತಿಳಿಯಬೇಕಾಯಿತು. ಒಬ್ಬನು ನೆಡುವುದಕ್ಕಾಗಿ ತಿಳಿದುದನ್ನು ಇನ್ನೊಬ್ಬನು ಮುಟ್ಟದಿರುವುದಕ್ಕಾಗಿ ತಿಳಿದನು. ಮುಟ್ಟದವನ ಗ್ರಂಥದಲ್ಲಿ ನೆಡುವವನ ವಿದ್ಯೆ ಉಳಿದುಬಂದಿತು.

ಹೀಗೆ ಉಳಿದ ವಿದ್ಯೆ ಒಂದು ಅಕ್ಷರದ ವ್ಯತ್ಯಾಸದಿಂದ ಮಸುಕಾಗಬಲ್ಲುದೆಂಬುದಕ್ಕೆ ಆರ್ಯಕವೇ ನಿದರ್ಶನ. ಅಚ್ಚಿನ ಪಾಠದಲ್ಲಿ ಆರ್ಯಕವನ್ನು ಅಳಿಸಿ ಅರ್ಜಕವೆಂದು ತಿದ್ದುವುದು ಸಂಪಾದನಧರ್ಮವಲ್ಲ. ಟೀಕಾಕಾರನೇ ಆ ರೂಪವನ್ನು ಬರೆದಿರಬಹುದು. ಪಾಠವನ್ನು ಇದ್ದಂತೆ ಉಳಿಸಿ, ಅರ್ಜಕವೆಂಬ ಅರ್ಥವನ್ನು ಅಡಿಯಲ್ಲಿ ಸೂಚಿಸುವುದು ಯುಕ್ತ. ಕರ್ಣಾಟಕವೃತ್ತಿಯ ಓಲೆಪ್ರತಿಗಳನ್ನು ಪರಿಶೀಲಿಸುವವರು ಈ ಎಡೆಯಲ್ಲಿ ‘ಅಜ್ಜಕ’, ‘ಅರ್ಜಕ’ ಮೊದಲಾದ ಪಾಠಗಳಿವೆಯೇ ಎಂದು ವಿಶೇಷವಾಗಿ ಗಮನಿಸಬೇಕಾಗಿದೆ. ಸಸ್ಯನಾಮಗಳು ಬಂದೆಡೆಯೆಲ್ಲ ನಿಘಂಟಿನೊಡನೆ ತೋಟವನ್ನೂ ನೋಡಿ ಪಾಠವನ್ನು ನಿರ್ಣಯಿಸುವುದು ಶ್ರೇಯಸ್ಕರ.